ಬೀಗದಕೈ ಹಿಡಿದವರು ಯಾರ ಕಡೆಯವರು?

"ನಿಮ್ಮ ತಾಯಿ ಹಗಲೆಲ್ಲ ಎಲ್ಲಿ ಕೂತಿರ್ತಾರೆ?"

ಆ ದಿನ ನೋಡಿದ ಎರಡನೆಯ ಮನೆಯ ನಡುವೆ ನಿಂತು, ಏಜೆನ್ಸಿಯಿಂದ ಬಂದಿದ್ದ ಆ ಹಿರಿಯ ಹೆಂಗಸು ಹೀಗೆ ಕೇಳಿದಾಗ ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಎಷ್ಟು ರೂಮು ಬೇಕು, ಬಾಡಿಗೆ ಎಷ್ಟರೊಳಗೆ, ಯಾವಾಗಿಂದ, ಎಲ್ಲಿ ಕೆಲಸ, ಸಂಬಳ ಎಷ್ಟು, ಮನೆಯಲ್ಲಿ ಎಷ್ಟು ಜನ. ಮೂರು ವಾರಗಳಿಂದ ಬೇರೆ ಬೇರೆ ಏಜೆನ್ಸಿಯವರು ಇವನ್ನೇ ಕೇಳಿ ಕೇಳಿ ಉತ್ತರಗಳೆಲ್ಲ ನನಗೆ ಬಾಯಿಪಾಠವಾಗಿದ್ದವು. ಇದಕ್ಕೆ ಮಾತ್ರ ಯೋಚಿಸಬೇಕಾಯಿತು.

ಅಮ್ಮ ಹಗಲು ಹೊತ್ತು ಮಂಚ ಹತ್ತುವವಳಲ್ಲ. ಬೆಳಿಗ್ಗೆ ಎದ್ದರೆ ರಾತ್ರಿ ಮಲಗುವ ತನಕ ಒಂದು ಮರದ ಕುರ್ಚಿ, ಅದರ ಪಕ್ಕದಲ್ಲಿ ಒಂದು ಕಿಟಕಿ. ಮಂಡಿನೋವು ಜಾಸ್ತಿಯಾಗಿ ಹೊರಗಿನ ಓಡಾಟ ನಿಂತಮೇಲೆ ಅವಳ ಬೀದಿಯೂ ನೆರೆಹೊರೆಯೂ ಆ ಕಿಟಕಿಯೇ. "ಕಿಟಕಿ ಹತ್ರ ಕೂರ್ತಾರೆ" ಅಂದೆ. ಆಕೆ ಹೋಗಿ ನಡುಮನೆಯ ಕಿಟಕಿ ತೆಗೆದರು. ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರದಲ್ಲಿ ಪಕ್ಕದ ಕಟ್ಟಡದ ಗೋಡೆ. ಮೇಲಿಂದ ಕೆಳಗಿನ ತನಕ ಇಳಿದಿದ್ದ ನೀರಿನ ಪೈಪು. ಒಂದು ಗಳಿಗೆ ನೋಡಿ ಕಿಟಕಿ ಮುಚ್ಚಿದರು.

"ಹಾಗಾದ್ರೆ ಈ ಮನೆ ಬೇಡಮ್ಮ. ನಡೀರಿ."

ಬೀಗ ಹಾಕಿ, ಜಗ್ಗಿ ನೋಡಿ, ಮೆಟ್ಟಿಲಿಳಿಯುತ್ತಾ ಮುಂದಿನ ಮನೆಯ ಬೀಗದಕೈ ಹುಡುಕತೊಡಗಿದರು. ನಾನು ಅಲ್ಲೇ ಎರಡು ಕ್ಷಣ ನಿಂತೆ. ಅದಕ್ಕೂ ಮೊದಲು ಮೂರು ಸಲ ಏಜೆನ್ಸಿಯ ಮೂಲಕವೇ ಬಾಡಿಗೆ ಮನೆ ಹಿಡಿದಿದ್ದೆ. ತಾವೇ ತೋರಿಸಿದ ಮನೆಯನ್ನು ತಾವೇ ಬೇಡವೆಂದ ಏಜೆಂಟರನ್ನು ಅವತ್ತೇ ಮೊದಲು ನೋಡಿದ್ದು. ಆಕೆ ಯಾಕೆ ಹಾಗೆ ಹೇಳಿದರು ಅನ್ನುವುದು ಆಮೇಲೆ ಬಹಳ ದಿನ ತಲೆಯಲ್ಲಿ ಉಳಿಯಿತು. ಒಳ್ಳೆಯ ಮನಸ್ಸು ಅಂತ ಹೇಳಿ ಸುಮ್ಮನಾಗಬಹುದಿತ್ತು. ಒಳ್ಳೆಯ ಮನಸ್ಸು ಇತ್ತು, ಅದರಲ್ಲಿ ಅನುಮಾನವಿಲ್ಲ. ಆದರೆ ಅಷ್ಟೇ ಆಗಿರಲಿಲ್ಲ.

ಅದನ್ನು ಹೇಳಬೇಕಾದರೆ ಅದಕ್ಕೂ ಹಿಂದಿನ ಮನೆಯ ಕತೆ ಹೇಳಬೇಕು.

ಆ ಸಲ ನನಗೆ ಹತ್ತು ದಿನದೊಳಗೆ ಮನೆ ಬೇಕಿತ್ತು. ಕೆಲಸ ಬದಲಾಗಿತ್ತು, ಹಳೆಯ ಮನೆ ಖಾಲಿ ಮಾಡುವ ತಾರೀಖು ಹೇಳಿಯಾಗಿತ್ತು. ಏಜೆನ್ಸಿಯಿಂದ ಒಬ್ಬ ಚುರುಕಾದ ಹುಡುಗ ಬಂದ. ಮೊದಲು ತೋರಿಸಿದ ಮನೆಯಲ್ಲಿ ಹಗಲೇ ದೀಪ ಹಾಕಬೇಕಿತ್ತು. ಎರಡನೆಯದರಲ್ಲಿ ಅಡುಗೆಮನೆಯ ಸಿಂಕ್ ಕಟ್ಟಿಕೊಂಡು ವಾಸನೆ ಬರುತ್ತಿತ್ತು. ಮೂರನೆಯದಕ್ಕೆ ಕರೆದುಕೊಂಡು ಹೋದಾಗ ಬಾಗಿಲು ತೆಗೆಯುತ್ತಿದ್ದಂತೆ ಉಸಿರು ಬಿಟ್ಟ ಹಾಗಾಯಿತು: ಬೆಳಕು, ಬಿಳಿ ಗೋಡೆ, ಹೊಸ ಬಣ್ಣದ ವಾಸನೆ. ಬಾಡಿಗೆ ನಾನು ಅಂದುಕೊಂಡಿದ್ದಕ್ಕಿಂತ ಸ್ವಲ್ಪ ಜಾಸ್ತಿ. "ಸಂಜೆ ಇನ್ನೊಂದು ಪಾರ್ಟಿ ಬರ್ತಿದೆ ಮೇಡಂ, ನೀವು ಈಗ್ಲೇ ಟೋಕನ್ ಕೊಟ್ರೆ ನಿಲ್ಲಿಸ್ತೀನಿ" ಅಂದ. ಕೊಟ್ಟೆ. ಮೊದಲೆರಡು ಮನೆ ನೋಡದೆ ನೇರವಾಗಿ ಅಲ್ಲಿಗೇ ಹೋಗಿದ್ದರೆ ಅದು ಸಾಧಾರಣ ಮನೆ ಅಂತ ನನ್ನ ಕಣ್ಣೇ ಹೇಳುತ್ತಿತ್ತು. ಎರಡು ಕೆಟ್ಟ ಮನೆ ತೋರಿಸಿ ಆಮೇಲೆ ಮಾರಬೇಕಾದ ಮನೆ ತೋರಿಸುವುದು ಈ ವ್ಯಾಪಾರದಲ್ಲಿ ಹಳೆಯ ಪಟ್ಟು. ಗೊತ್ತಿದ್ದವರಿಗೂ ಅದು ಕೆಲಸ ಮಾಡುತ್ತದೆ, ಯಾಕೆಂದರೆ ಕಣ್ಣು ಯಾವಾಗಲೂ ಈಗ ತಾನೆ ನೋಡಿದ್ದರ ಜೊತೆಗೇ ಹೋಲಿಸುವುದು.

ನಾನು ಗಮನಿಸದೇ ಹೋದದ್ದು ಒಂದು ಗೋಡೆಯನ್ನು. ಮಲಗುವ ಕೋಣೆಯ ನಾಲ್ಕು ಗೋಡೆಗಳಲ್ಲಿ ಒಂದರ ಬಿಳುಪು ಉಳಿದ ಮೂರಕ್ಕಿಂತ ಒಂದು ಚೂರು ಹೊಸದು. ಅದರ ಆಚೆ ಬಚ್ಚಲುಮನೆ. ಹೋಗಿ ಎರಡು ತಿಂಗಳಾಗುವಷ್ಟರಲ್ಲಿ ನೆಲದಿಂದ ಒಂದು ಗೇಣು ಮೇಲೆ ಬಣ್ಣ ಸುಟ್ಟ ಬೊಕ್ಕೆಯ ಹಾಗೆ ಉಬ್ಬಿತು. ಬೆರಳಲ್ಲಿ ಒತ್ತಿದರೆ ಒಳಗೆ ಒದ್ದೆ ಪುಡಿ. ಮೂರನೆಯ ತಿಂಗಳಿಗೆ ಕಪ್ಪು ಬೂಷ್ಟು, ಅಮ್ಮನಿಗೆ ಕೆಮ್ಮು. ಏಜೆನ್ಸಿಗೆ ಫೋನ್ ಮಾಡಿದೆ. ಹುಡುಗ ಮರ್ಯಾದೆಯಿಂದಲೇ ಮಾತಾಡಿದ. "ಮೇಡಂ, ಅದು ಈಗ ನೀವು ಮತ್ತು ಓನರ್ ಮಧ್ಯದ ವಿಷಯ. ನಮ್ಮದು ಅಗ್ರಿಮೆಂಟಿಗೆ ಮುಗೀತು."

ಆಗ ತುಂಬಾ ಸಿಟ್ಟು ಬಂದಿತ್ತು. ಒಂದು ತಿಂಗಳ ಬಾಡಿಗೆಯಷ್ಟು ಕಮಿಷನ್ ಅವನ ಕೈಗೆ ಕೊಟ್ಟವಳು ನಾನು, ಓನರ್ ಅಲ್ಲ. ದುಡ್ಡು ನನ್ನದು ಅಂದಮೇಲೆ ಅವನು ನನ್ನ ಕಡೆಯವನು ಅಂತ ನಂಬಿದ್ದೆ. ಈಗ ಹಿಂದಿರುಗಿ ನೋಡಿದರೆ ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಅವನ ಕೆಲಸ ನಿಜವಾಗಿ ಸಹಿಯ ಹೊತ್ತಿಗೆ ಮುಗಿಯುತ್ತಿತ್ತು. ನಮ್ಮ ಬದುಕು ಶುರುವಾಗುವುದು ಅದೇ ಸಹಿಯಿಂದ. ಒಂದೇ ಕಾಗದದ ಮೇಲೆ ಒಬ್ಬರಿಗೆ ಕೊನೆ, ಇನ್ನೊಬ್ಬರಿಗೆ ಮೊದಲು. ಏಜೆನ್ಸಿ ಮೂಲಕ ಮನೆ ಹುಡುಕುವುದರಲ್ಲಿ ತಪ್ಪು ನಡೆಯುವ ಜಾಗಗಳೆಲ್ಲ ಈ ಒಂದು ಬಿರುಕಿನಿಂದಲೇ ಹುಟ್ಟುತ್ತವೆ ಅಂತ ನನಗೆ ಈಗ ಅನಿಸುತ್ತದೆ.

ಆ ಮನೆಯಲ್ಲಿ ಇರುವಾಗಲೇ ಈ ವಿಷಯದ ಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ. ಸ್ಟೀವನ್ ಲೆವಿಟ್ ಮತ್ತು ಚಾಡ್ ಸೈವರ್ಸನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 2008ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಷಿಕಾಗೊ ಸುತ್ತಮುತ್ತಲಿನ ಸುಮಾರು 1,00,000 ಮನೆ ಮಾರಾಟಗಳನ್ನು ತೆಗೆದುಕೊಂಡು, ಏಜೆಂಟರು ತಮ್ಮ ಸ್ವಂತ ಮನೆ ಮಾರುವಾಗ ಹೇಗೆ ನಡೆದುಕೊಳ್ಳುತ್ತಾರೆ, ಗಿರಾಕಿಯ ಮನೆ ಮಾರುವಾಗ ಹೇಗೆ ಅಂತ ಅವರು ಹೋಲಿಸಿದರು. ತಮ್ಮ ಮನೆಯನ್ನು ಏಜೆಂಟರು ಸರಾಸರಿ 9.5 ದಿನ ಹೆಚ್ಚು ಕಾದು, ಶೇ 3.7ರಷ್ಟು ಹೆಚ್ಚು ಬೆಲೆಗೆ ಮಾರಿದ್ದರು. ಅದು ಮಾರಾಟದ ಲೆಕ್ಕ, ಬಾಡಿಗೆಯದಲ್ಲ. ಆದರೂ ಓದಿದಾಗ ನನಗೆ ಆ ಹುಡುಗ ನೆನಪಾದ. ಇನ್ನೊಂದು ವಾರ ಕಾದರೆ ನನಗೆ ಒಣಗಿದ ಗೋಡೆಯ ಮನೆ ಸಿಗುತ್ತಿತ್ತೇನೋ. ಆ ಒಂದು ವಾರದ ಓಡಾಟ ಅವನದು, ಲಾಭ ನನ್ನದು. ಗಿರಾಕಿಗೋಸ್ಕರ ಕಾಯುವುದಕ್ಕೆ ಅವನಿಗೆ ಯಾರೂ ದುಡ್ಡು ಕೊಡುತ್ತಿರಲಿಲ್ಲ.

ಇನ್ನೊಂದು, ಜಾರ್ಜ್ ಅಕರ್ಲಾಫ್ 1970ರಲ್ಲಿ ಬರೆದ ಪ್ರಬಂಧ. 2001ರಲ್ಲಿ ಅವರಿಗೆ ಇನ್ನಿಬ್ಬರ ಜೊತೆ ಅರ್ಥಶಾಸ್ತ್ರದ ನೊಬೆಲ್ ಬಂತು. ಅವರು ಬರೆದದ್ದು ಸೆಕೆಂಡ್ ಹ್ಯಾಂಡ್ ಕಾರುಗಳ ಬಗ್ಗೆ. ಮಾರುವವನಿಗೆ ವಸ್ತುವಿನ ದೋಷ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಿದ್ದಾಗ ಒಳ್ಳೆಯ ವಸ್ತುವಿಗೂ ಕೆಟ್ಟ ವಸ್ತುವಿಗೂ ಒಂದೇ ಬೆಲೆ ಬಂದು, ಒಳ್ಳೆಯದು ಮೆಲ್ಲಗೆ ಸಂತೆಯಿಂದಲೇ ಮಾಯವಾಗುತ್ತದೆ ಅನ್ನುವುದು ಅವರ ವಾದ. ಬಾಡಿಗೆ ಮನೆಯೂ ಹಾಗೇ ಅಲ್ಲವೇ? ಗೋಡೆ ಒದ್ದೆ ಅಂತ ಓನರಿಗೆ ಗೊತ್ತು. ರಾತ್ರಿ ಮೇಲಿನ ಮನೆಯ ಸದ್ದು ಹೇಗಿರುತ್ತದೆ ಅಂತ ಹಿಂದಿನ ಬಾಡಿಗೆದಾರನಿಗೆ ಗೊತ್ತು. ನಮಗೆ ಸಿಗುವುದು ಇಪ್ಪತ್ತು ನಿಮಿಷ, ಅದೂ ಹಗಲು ಹೊತ್ತು, ಬೇರೆಯವರ ಕೈಯಲ್ಲಿ ಬೀಗದಕೈ. ಈ ಗೊತ್ತು-ಗೊತ್ತಿಲ್ಲದ ನಡುವಿನ ಕಂದಕಕ್ಕೆ ಸೇತುವೆಯಾಗುತ್ತೇವೆ ಅಂತಲೇ ಏಜೆನ್ಸಿ ದುಡ್ಡು ಕೇಳುವುದು. ಹಾಗಾಗಿ ಏಜೆನ್ಸಿಯೇ ಬೇಡ ಅನ್ನುವ ವಾದ ನನ್ನದಲ್ಲ. ಪರಊರಿನಲ್ಲಿ, ಸಮಯವಿಲ್ಲದಾಗ, ವಯಸ್ಸಾದವರನ್ನು ಕಟ್ಟಿಕೊಂಡು ಮನೆಮನೆ ಅಲೆಯುವುದು ಸಾಧ್ಯವಿಲ್ಲದಾಗ ಅವರಿಲ್ಲದೆ ಆಗುವುದಿಲ್ಲ. ಸೇತುವೆ ಎಲ್ಲಿಗೆ ಮುಗಿಯುತ್ತದೆ ಅಂತ ಮೊದಲೇ ಕೇಳಿಕೊಳ್ಳಬೇಕಿತ್ತು, ನಾನು ಕೇಳಿರಲಿಲ್ಲ.

ದುಡ್ಡು ಯಾರು ಕೊಡಬೇಕು ಅನ್ನುವುದರ ಮೇಲೆ ಬೇರೆ ಬೇರೆ ದೇಶಗಳು ಈಚೆಗೆ ಗಟ್ಟಿ ನಿಲುವು ತೆಗೆದುಕೊಂಡಿವೆ. ಜರ್ಮನಿಯಲ್ಲಿ 2015ರ ಜೂನ್ 1ರಿಂದ ಬಾಡಿಗೆ ಮನೆಗಳಿಗೆ ಒಂದು ಸರಳ ನಿಯಮ ಬಂತು: ಏಜೆಂಟರನ್ನು ಯಾರು ಗೊತ್ತು ಮಾಡುತ್ತಾರೋ ಅವರೇ ಕಮಿಷನ್ ಕೊಡಬೇಕು. ಅದಕ್ಕೂ ಮೊದಲು ಎರಡು ತಿಂಗಳ ಬಾಡಿಗೆಯವರೆಗೆ, ಮೇಲೆ ತೆರಿಗೆ ಬೇರೆ, ಬಾಡಿಗೆದಾರರೇ ತೆರುತ್ತಿದ್ದರು. ಏಜೆಂಟರು ಕೋರ್ಟಿಗೆ ಹೋದರು. 2016ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ನಿಯಮವನ್ನು ಎತ್ತಿಹಿಡಿಯಿತು. ಇಂಗ್ಲೆಂಡಿನಲ್ಲಿ 2019ರ ಜೂನ್ 1ರಿಂದ, ಹೊಸ ಕರಾರುಗಳಲ್ಲಿ ಬಾಡಿಗೆದಾರರಿಂದ ವಸೂಲಾಗುತ್ತಿದ್ದ ಬಹುತೇಕ ಶುಲ್ಕಗಳು ನಿಂತವು. ಹಿನ್ನೆಲೆ ವಿಚಾರಿಸುವುದಕ್ಕೆ ಇಷ್ಟು, ಕಾಗದ ಬರೆಯುವುದಕ್ಕೆ ಇಷ್ಟು, ಕರಾರು ನವೀಕರಿಸುವುದಕ್ಕೆ ಇಷ್ಟು ಅಂತ ಏಜೆನ್ಸಿಗಳು ಅದುವರೆಗೆ ಒಂದೊಂದಕ್ಕೂ ಬಿಲ್ ಹಾಕುತ್ತಿದ್ದವು. ನ್ಯೂಯಾರ್ಕ್ ನಗರದಲ್ಲಿ 2025ರ ಜೂನ್ 11ರಿಂದ, ಓನರ್ ಕಡೆಯಿಂದ ಕೆಲಸ ಮಾಡುವ ಬ್ರೋಕರ್ ಬಾಡಿಗೆದಾರರಿಂದ ಶುಲ್ಕ ಕೇಳುವಂತಿಲ್ಲ.

ಹೀಗೆ ಮಾಡಿದರೆ ಓನರುಗಳು ಆ ಖರ್ಚನ್ನು ಬಾಡಿಗೆಗೇ ಸೇರಿಸುತ್ತಾರೆ ಅಂತ ಏಜೆನ್ಸಿಯವರು ಎಲ್ಲ ಕಡೆಯೂ ವಾದಿಸಿದ್ದಾರೆ. ಸ್ವಲ್ಪ ಸೇರಿಸಲಿ. ತಿಂಗಳು ತಿಂಗಳು ಹಂಚಿಹೋಗುವ ಹೆಚ್ಚಳವನ್ನು ಹೇಗೋ ತೂಗಿಸಬಹುದು. ಮನೆ ಬದಲಾಯಿಸುವ ವಾರದಲ್ಲಿ ಡೆಪಾಸಿಟ್, ಮೊದಲ ಬಾಡಿಗೆ, ಸಾಮಾನು ಸಾಗಿಸುವ ಖರ್ಚಿನ ಜೊತೆಗೆ ಕಮಿಷನ್ನೂ ಒಟ್ಟಿಗೇ ಬಂದು ಬಿದ್ದರೆ ಬಡವರ ಬೆನ್ನು ಮುರಿಯುತ್ತದೆ. ಆದರೆ ಈ ನಿಯಮಗಳಲ್ಲಿ ನನಗೆ ಹೆಚ್ಚು ಬೆಲೆಯುಳ್ಳದ್ದು ಅನಿಸಿದ್ದು ದುಡ್ಡಿನ ಉಳಿತಾಯವಲ್ಲ. ಓನರೇ ಕಮಿಷನ್ ಕೊಟ್ಟಾಗ ಏಜೆಂಟರು ಓನರ್ ಕಡೆಯವರು ಅನ್ನುವುದು ಬೆಳಕಿನಷ್ಟು ನಿಚ್ಚಳ. ಆಗ ಬಾಡಿಗೆದಾರರು ಕಣ್ಣು ತೆರೆದುಕೊಂಡು ಮನೆ ನೋಡುತ್ತಾರೆ. ನಾನು ಕಮಿಷನ್ ಕೊಟ್ಟು ಅದರ ಜೊತೆಗೆ ನನ್ನ ಎಚ್ಚರವನ್ನೂ ಆ ಹುಡುಗನ ಕೈಗೆ ಕೊಟ್ಟಿದ್ದೆ.

ಇಷ್ಟು ತೋರಿಸಿದ ಮನೆಗಳ ಮಾತಾಯಿತು. ತೋರಿಸದೆ ಉಳಿದ ಮನೆಗಳ ಮಾತು ಇದಕ್ಕಿಂತ ಕಷ್ಟದ್ದು.

ಈ ಸಲದ ಹುಡುಕಾಟದ ಮೊದಲ ವಾರ. ಜಾಹೀರಾತಿನಲ್ಲಿ ಕಂಡ ಮನೆಯೊಂದಕ್ಕೆ ಫೋನ್ ಮಾಡಿದೆ. ಆ ಕಡೆಯವರು "ಖಾಲಿ ಇದೆ, ನಾಳೆ ಬನ್ನಿ" ಅಂತ ಟೈಮು ಹೇಳುವುದರಲ್ಲಿದ್ದರು. "ಯಾರ್ಯಾರು ಇರ್ತೀರಿ?" ಅಂದರು. ನಾನು ಮತ್ತು ಅಮ್ಮ ಅಂದೆ. "ಇಬ್ಬರೇನಾ?" ಹೌದು ಅಂದೆ. ಒಂದು ಮೌನ. ಆಮೇಲೆ, "ಒಂದು ನಿಮಿಷ ಇರಿ... ಆ ಮನೆ ಈಗ ತಾನೆ ಹೋಯಿತಂತೆ." ಜಾಹೀರಾತು ಮುಂದೆ ಒಂದು ವಾರ ಹಾಗೇ ಇತ್ತು. ನಮ್ಮಿಬ್ಬರ ಹೆಂಗಸರ ಸಂಸಾರ ಅವರಿಗೆ ಬೇಡವಾಯಿತೋ, ಅಮ್ಮನ ವಯಸ್ಸು ಬೇಡವಾಯಿತೋ, ಜಾಹೀರಾತು ತೆಗೆಯುವುದನ್ನು ನಿಜವಾಗಿ ಮರೆತರೋ, ನಾನು ಹೇಗೆ ಸಾಬೀತು ಮಾಡಲಿ? ಅದೇ ಈ ನೋವಿನ ಗುಣ. ಬಾಗಿಲು ಮುಖಕ್ಕೆ ಹಾಕಿದರೆ ಜಗಳವಾದರೂ ಆಡಬಹುದು. ಬಾಗಿಲೇ ಇಲ್ಲ ಅಂದರೆ ಯಾರ ಹತ್ತಿರ ಆಡುವುದು?

ಒಬ್ಬೊಬ್ಬರಾಗಿ ನಮಗೆ ಕಾಣದ್ದು ಸಾವಿರಾರು ಜನರನ್ನು ಲೆಕ್ಕ ಹಾಕಿದಾಗ ಕಾಣುತ್ತದೆ. ಅಮೆರಿಕದಲ್ಲಿ 1968ರಲ್ಲೇ ಮನೆ ಕೊಡುವುದರಲ್ಲಿ ಬಣ್ಣ, ಧರ್ಮ, ಮೂಲದೇಶ ನೋಡುವಂತಿಲ್ಲ ಅಂತ ಕಾನೂನು ಬಂತು. ಅದು ಪಾಲನೆಯಾಗುತ್ತಿದೆಯಾ ಅಂತ ನೋಡಲು ಅಲ್ಲಿನ ವಸತಿ ಇಲಾಖೆ ಆಗಾಗ ಒಂದು ಪರೀಕ್ಷೆ ಮಾಡಿಸುತ್ತದೆ. ಸಂಬಳ, ಕೆಲಸ, ಸಂಸಾರ ಎಲ್ಲದರಲ್ಲೂ ಸಮಾನರಾದ ಇಬ್ಬರನ್ನು ಒಬ್ಬರಾದ ಮೇಲೆ ಒಬ್ಬರಂತೆ ಅದೇ ಏಜೆಂಟರ ಬಳಿಗೆ ಕಳಿಸುವುದು, ಇಬ್ಬರಿಗೆ ಎಷ್ಟೆಷ್ಟು ಮನೆಗಳ ವಿಷಯ ಹೇಳಿದರು, ಎಷ್ಟೆಷ್ಟು ತೋರಿಸಿದರು ಅಂತ ಬರೆದಿಡುವುದು. 2012ರಲ್ಲಿ 28 ಮಹಾನಗರಗಳಲ್ಲಿ ಹೀಗೆ 8,000ಕ್ಕೂ ಹೆಚ್ಚು ಪರೀಕ್ಷೆಗಳು ನಡೆದವು. ಬಾಡಿಗೆಗೆ ಬಂದ ಕರಿಯರಿಗೆ ಅವರ ಜೋಡಿಯ ಬಿಳಿಯರಿಗಿಂತ ಶೇ 11.4ರಷ್ಟು ಕಡಿಮೆ ಮನೆಗಳ ವಿಷಯ ತಿಳಿಸಲಾಗಿತ್ತು. ಹಿಸ್ಪಾನಿಕ್ ಮೂಲದವರಿಗೆ, ಅಂದರೆ ಸ್ಪ್ಯಾನಿಷ್ ಮಾತಾಡುವ ನಾಡುಗಳ ಮೂಲದವರಿಗೆ, ಶೇ 12.5ರಷ್ಟು ಕಡಿಮೆ, ಏಷ್ಯಾ ಮೂಲದವರಿಗೆ ಶೇ 9.8ರಷ್ಟು ಕಡಿಮೆ. ಯಾರನ್ನೂ ಬೈದಿರಲಿಲ್ಲ, ಯಾರನ್ನೂ ಹೊರಗೆ ಹಾಕಿರಲಿಲ್ಲ. ನಗುನಗುತ್ತಲೇ ಪಟ್ಟಿಯನ್ನು ಚಿಕ್ಕದು ಮಾಡಿದ್ದರು.

ಏಜೆನ್ಸಿಯ ನಿಜವಾದ ಶಕ್ತಿ ಇರುವುದು ಇಲ್ಲಿ. ಅವರ ಕೈಯಲ್ಲಿರುವ ಗೊಂಚಲಿನಲ್ಲಿ ಎಷ್ಟು ಬೀಗದಕೈ ಇವೆ ಅಂತ ನಮಗೆ ಗೊತ್ತಾಗುವುದಿಲ್ಲ. ನಾನು ಕಂಡುಕೊಂಡ ಉಪಾಯ ಒಂದೇ: ಒಂದೇ ಏಜೆನ್ಸಿಯನ್ನು ನೆಚ್ಚಿಕೊಳ್ಳದೆ ಇಬ್ಬರು ಮೂವರಿಗೆ ಹೇಳಿಡುವುದು, ಜೊತೆಗೆ ಬೀದಿಯಲ್ಲಿ ನಡೆದು "ಬಾಡಿಗೆಗಿದೆ" ಬೋರ್ಡುಗಳನ್ನು ನಾವೇ ನೋಡುವುದು. ಒಬ್ಬರ ಪಟ್ಟಿಯಲ್ಲಿ ಇಲ್ಲದ್ದು ಇನ್ನೊಬ್ಬರ ಪಟ್ಟಿಯಲ್ಲಿ ಇದ್ದಾಗ ಮಾತ್ರ ಏನು ಮರೆಯಾಗಿತ್ತು ಅಂತ ತಿಳಿಯುತ್ತದೆ.

ಮೋಸದ ಜಾಹೀರಾತುಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಮನೆಯ ಒಳಗೆ ಕಾಲಿಡುವ ಮೊದಲು ದುಡ್ಡು ಕೇಳಿದರೆ, ಅದಕ್ಕೆ ಗೇಟ್ ಪಾಸ್ ಅನ್ನಲಿ, ರಿಜಿಸ್ಟ್ರೇಷನ್ ಅನ್ನಲಿ, ಕೊಡಬೇಡಿ, ಅಷ್ಟೇ. ಸಂಬಳದ ಚೀಟಿ, ಗುರುತಿನ ಚೀಟಿಯ ನಕಲು ಕೊಡುವಾಗ ಅಡ್ಡಲಾಗಿ "ಬಾಡಿಗೆ ಮನೆಗಾಗಿ ಮಾತ್ರ" ಅಂತ ಬರೆದು ತಾರೀಖು ಹಾಕಿ. ಗುರುತಿಲ್ಲದವರ ಮೇಜಿನ ಡ್ರಾಯರಿನಲ್ಲಿ ನಮ್ಮ ಇಡೀ ಬದುಕಿನ ಕಾಗದ ಬಿದ್ದಿರುವುದನ್ನು ನೆನೆದರೆ ಇದು ಅತಿಯಾದ ಎಚ್ಚರಿಕೆ ಅಂತ ನನಗೆ ಅನಿಸುವುದಿಲ್ಲ.

ಮತ್ತೆ ಆ ಹಿರಿಯ ಹೆಂಗಸಿನ ಕಡೆಗೆ ಬರುತ್ತೇನೆ.

ಅವತ್ತು ಮೂರನೆಯ ಮನೆಗೆ ಹೋಗುವ ದಾರಿಯಲ್ಲಿ ಕೇಳಿಯೇಬಿಟ್ಟೆ. "ಮೇಡಂ, ಆ ಮನೆ ಬೇಡ ಅಂದ್ರಲ್ಲ, ನಿಮಗೆ ನಷ್ಟ ಅಲ್ವಾ?"

"ನೀವು ಆರು ತಿಂಗಳಿಗೆ ಖಾಲಿ ಮಾಡಿದ್ರೆ ನಷ್ಟ" ಅಂದರು. "ಅಮ್ಮ ಕತ್ತಲೆ ಮನೇಲಿ ಎಷ್ಟು ದಿನ ಇರ್ತಾರೆ? ನೀವು ಹೋದ್ಮೇಲೆ ಮತ್ತೆ ಸುಣ್ಣಬಣ್ಣ, ಮತ್ತೆ ಜಾಹೀರಾತು, ಮತ್ತೆ ಹತ್ತು ಜನಕ್ಕೆ ತೋರಿಸ್ಬೇಕು. ಖಾಲಿ ಇರೋ ತಿಂಗಳು ಓನರಿಗೂ ಬಾಡಿಗೆ ಇಲ್ಲ, ನಮಗೂ ಏನಿಲ್ಲ."

ಬಿಡಿಸಿ ಕೇಳಿದಾಗ ಗೊತ್ತಾಯಿತು. ಅವರ ಏಜೆನ್ಸಿ ಮನೆ ಹುಡುಕಿಕೊಟ್ಟು ಕೈತೊಳೆದುಕೊಳ್ಳುವಂಥದ್ದಲ್ಲ. ಓನರುಗಳ ಪರವಾಗಿ ಮನೆಯನ್ನು ನೋಡಿಕೊಳ್ಳುವುದೂ ಅವರೇ: ಬಾಡಿಗೆ ವಸೂಲಿ, ರಿಪೇರಿ, ವರ್ಷಕ್ಕೆರಡು ಸಲ ಬಂದು ನೋಡುವುದು. ಅದಕ್ಕೆ ಓನರಿಂದ ಪ್ರತಿ ತಿಂಗಳ ಬಾಡಿಗೆಯಲ್ಲಿ ಒಂದು ಪಾಲು. ಅಂದರೆ ಸಹಿ ಬಿದ್ದ ದಿನ ಅವರ ಕೆಲಸ ಮುಗಿಯುವುದಿಲ್ಲ, ಶುರುವಾಗುತ್ತದೆ, ನಮ್ಮದರ ಹಾಗೆಯೇ. ಒಂದು ಕೊಳಾಯಿ ಸೋರಿದರೆ ಫೋನ್ ಬರುವುದು ಅವರಿಗೇ. ಹಾಗಾಗಿ ಸೋರುವ ಕೊಳಾಯಿಯ ಮನೆಗೆ ಯಾರನ್ನಾದರೂ ತಳ್ಳಿಬಿಡೋಣ ಅನ್ನುವ ಆಸೆಗೆ ಅಲ್ಲಿ ಜಾಗವೇ ಇಲ್ಲ. ಆಕೆ ಓನರ್ ಕಡೆಯವರು ಅನ್ನುವುದರಲ್ಲಿ ಮುಚ್ಚುಮರೆ ಇರಲಿಲ್ಲ. ಆದರೆ ಅವರ ಗಡಿಯಾರವೂ ನನ್ನ ಗಡಿಯಾರವೂ ಒಂದೇ ಕಡೆ ಓಡುತ್ತಿದ್ದವು. ಅದಾದ ಮೇಲೆ ಮನೆ ಹುಡುಕುವ ಯಾರಾದರೂ ನನ್ನನ್ನು ಕೇಳಿದರೆ ಹೇಳುವುದು ಇಷ್ಟೇ: ಏಜೆನ್ಸಿಯವರನ್ನು ಮೊದಲು ಕೇಳಬೇಕಾದದ್ದು ಕಮಿಷನ್ ಎಷ್ಟು ಅಂತಲ್ಲ. "ನಾವು ಮನೆಗೆ ಬಂದಮೇಲೆ ಏನಾದರೂ ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು?" ಅಂತ ಕೇಳಿ. ಅವರು ತಮ್ಮದೇ ನಂಬರು ಕೊಟ್ಟರೆ ಅವರು ತೋರಿಸುವ ಮನೆಯನ್ನು ಒಂದು ಬಗೆಯಲ್ಲಿ ನೋಡಿ. ಓನರ್ ನಂಬರು ಕೊಟ್ಟರೆ ಗೋಡೆಗಳನ್ನು ಕೈಯಾರೆ ಮುಟ್ಟಿ ನೋಡಿ.

ನಿರ್ವಹಣೆಯ ಏಜೆನ್ಸಿ ಅಂದಮಾತ್ರಕ್ಕೆ ಎಲ್ಲ ಸರಿಯಿರುತ್ತದೆ ಅಂತಲೂ ಅಲ್ಲ. ರಿಪೇರಿಗೆ ತಿಂಗಳುಗಟ್ಟಲೆ ಅಲೆದಾಡಿಸುವವರೂ ಇದ್ದಾರೆ. ಅದಕ್ಕೇ ಸಾಧ್ಯವಾದರೆ ಅದೇ ಕಟ್ಟಡದಲ್ಲಿ ಇರುವ ಒಬ್ಬ ಬಾಡಿಗೆದಾರರನ್ನು ಮೆಟ್ಟಿಲ ಬಳಿ ಮಾತಾಡಿಸಬೇಕು. ಅವರು ಎರಡು ನಿಮಿಷದಲ್ಲಿ ಹೇಳುವಷ್ಟು ಏಜೆನ್ಸಿ ಎರಡು ದಿನದಲ್ಲಿ ಹೇಳುವುದಿಲ್ಲ.

ಮೂರನೆಯ ಮನೆ ಎರಡನೆಯ ಮಹಡಿಯಲ್ಲಿತ್ತು, ಲಿಫ್ಟ್ ಇತ್ತು. ಆಕೆ ನನ್ನನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ, ಅಲ್ಲಿನ ನಲ್ಲಿಯನ್ನೂ ಅಡುಗೆಮನೆಯ ನಲ್ಲಿಯನ್ನೂ ಒಟ್ಟಿಗೇ ತಿರುಗಿಸಿ ಅಂದರು. ಒಂದರ ಧಾರೆ ಇನ್ನೊಂದಕ್ಕೆ ಸೊರಗುತ್ತದೆಯಾ ಅಂತ ನೋಡುವುದು. ಫ್ಲಶ್ ಮಾಡಿಸಿದರು. ಬಾಗಿಲುಗಳನ್ನೆಲ್ಲ ಮುಚ್ಚಿ ನಿಶ್ಶಬ್ದವಾಗಿ ನಿಂತುಕೊಳ್ಳಿ ಅಂದರು. ಮೇಲಿನ ಮನೆಯಲ್ಲಿ ಯಾರೋ ಕುರ್ಚಿ ಎಳೆದದ್ದು ಕೇಳಿತು. "ಇಷ್ಟು ಇರತ್ತೆ, ಇದಕ್ಕಿಂತ ಜಾಸ್ತಿ ಇಲ್ಲ" ಅಂದರು. ನಾನೇ ಮುಂದಾಗಿ ಬಚ್ಚಲಿಗೆ ಅಂಟಿದ ಗೋಡೆಯ ಬುಡಕ್ಕೆ ಅಂಗೈ ಇಟ್ಟೆ. ತಣ್ಣಗಿರಲಿಲ್ಲ, ಒಣಗಿತ್ತು. ನಾನು ಹಾಗೆ ಕೈ ಇಟ್ಟದ್ದನ್ನು ನೋಡಿ ಆಕೆ ಏನೂ ಕೇಳಲಿಲ್ಲ. ಹಿಂದಿನ ಮನೆಯಲ್ಲಿ ಏನಾಗಿರಬಹುದು ಅಂತ ಅವರಿಗೆ ಅರ್ಥವಾಗಿರಬೇಕು.

ನಡುಮನೆಯ ಕಿಟಕಿ ಪಶ್ಚಿಮಕ್ಕೆ. ಗಂಟೆ ನಾಲ್ಕಾಗಿತ್ತು. ಬಿಸಿಲು ನೆಲದ ಮೇಲೆ ಒಂದು ಚಾಪೆಯಷ್ಟು ಅಗಲ ಬಿದ್ದಿತ್ತು. ಕೆಳಗೆ ಒಂದು ಮರ, ಮರದಾಚೆ ರಸ್ತೆ, ಮಕ್ಕಳು ಸ್ಕೂಲಿಂದ ಮನೆಗೆ ಹೋಗುತ್ತಿದ್ದರು. "ಇವತ್ತು ಒಪ್ಕೋಬೇಡಿ" ಅಂದರು ಆಕೆ. "ನಾಳೆ ರಾತ್ರಿ ಎಂಟಕ್ಕೆ ಬನ್ನಿ, ಅಮ್ಮನ್ನೂ ಕರ್ಕೊಂಡು ಬನ್ನಿ. ರಾತ್ರಿ ಹೇಗಿರತ್ತೆ ನೋಡಿ." ಬೇರೆ ಯಾರಾದರೂ ತೆಗೆದುಕೊಂಡುಬಿಟ್ಟರೆ ಅಂತ ನನ್ನ ಗಂಟಲಿನವರೆಗೂ ಬಂತು. ಅಷ್ಟು ವರ್ಷ ಬೇರೆಯವರು ಹಚ್ಚಿದ ಅವಸರ ಈಗ ನನ್ನೊಳಗೇ ಮನೆ ಮಾಡಿತ್ತು. ಅದನ್ನು ನುಂಗಿಕೊಂಡು ಹೋದೆ.

ಮರುದಿನ ಅಮ್ಮ ಬಂದಳು. ಮನೆಯೆಲ್ಲ ಸುತ್ತಲಿಲ್ಲ. ನೇರ ಕಿಟಕಿಗೆ ಹೋಗಿ, ಸರಳು ಹಿಡಿದು, ಕೆಳಗೆ ನೋಡುತ್ತಾ ನಿಂತಳು.

ಕರಾರಿನ ಕಾಗದವನ್ನು ಮನೆಗೆ ಒಯ್ದು ಓದಲು ಎರಡು ದಿನ ಕೊಟ್ಟರು. ಈ ಎರಡು ದಿನಕ್ಕೆ ನಾನು ಬೆಲೆ ಕಟ್ಟಲಾರೆ. ಹಿಂದಿನ ಸಲ ಏಜೆನ್ಸಿಯ ಮೇಜಿನ ಮುಂದೆ ಕೂರಿಸಿ, ಬೆರಳಿಟ್ಟು ತೋರಿಸಿದ ಕಡೆಯೆಲ್ಲ ಸಹಿ ಹಾಕಿಸಿಕೊಂಡಿದ್ದರು. ಈ ಸಲ ಒಂದೊಂದು ಸಾಲನ್ನೂ ಓದಿದೆ. ಖಾಲಿ ಮಾಡಲು ಎಷ್ಟು ದಿನ ಮೊದಲು ಹೇಳಬೇಕು, ಅವರು ನಮಗೆ ಎಷ್ಟು ದಿನ ಮೊದಲು ಹೇಳಬೇಕು, ಎರಡೂ ಒಂದೇ ಇದೆಯಾ? ಬಾಡಿಗೆ ಏರಿಸುವುದು ಯಾವಾಗ, ಎಷ್ಟು? ಯಾವ ರಿಪೇರಿ ಯಾರ ತಲೆಗೆ? ಒಂದು ಸಾಲಿನಲ್ಲಿ "ಮನೆಯ ಎಲ್ಲ ಸಣ್ಣಪುಟ್ಟ ರಿಪೇರಿ ಬಾಡಿಗೆದಾರರದು" ಅಂತಿತ್ತು. ಸಣ್ಣಪುಟ್ಟ ಅಂದರೆ ಎಷ್ಟು ಅಂತ ಬರೆದಿರಲಿಲ್ಲ. ಕೇಳಿದೆ. ಆಕೆ ಓನರಿಗೆ ಫೋನ್ ಹಚ್ಚಿ ಮಾತಾಡಿ, ಇಂತಿಷ್ಟು ಮೊತ್ತದವರೆಗೆ ಮಾತ್ರ ಅಂತ ಸೇರಿಸಿ, ಇಬ್ಬರಿಂದಲೂ ಪಕ್ಕದಲ್ಲಿ ಸಹಿ ಹಾಕಿಸಿದರು. ಕೇಳಿದರೆ ಬದಲಾಗುತ್ತದೆ ಅಂತ ಅದುವರೆಗೆ ನನಗೆ ಗೊತ್ತೇ ಇರಲಿಲ್ಲ. ಅಚ್ಚಾದ ಕಾಗದ ಕಂಡರೆ ಅದು ಕಲ್ಲಿನ ಮೇಲೆ ಕೆತ್ತಿದ್ದು ಅಂತಲೇ ನಂಬಿದ್ದೆ.

ಡೆಪಾಸಿಟ್ ವಿಷಯಕ್ಕೆ ಬಂದರೆ, ಜಗಳಗಳು ಹೆಚ್ಚಾಗಿ ಹುಟ್ಟುವುದು ಅಲ್ಲೇ. ದುಡ್ಡು ಓನರ್ ಜೇಬಿನಲ್ಲಿ, ಮನೆ ಹೇಗಿತ್ತು ಅನ್ನುವುದು ಇಬ್ಬರ ನೆನಪಿನಲ್ಲಿ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯ 1977ರಲ್ಲೇ ಇದಕ್ಕೆ ಕಾನೂನು ಮಾಡಿ, ಡೆಪಾಸಿಟ್ಟನ್ನು ಓನರೂ ಅಲ್ಲದ ಏಜೆಂಟೂ ಅಲ್ಲದ ಒಂದು ಸರ್ಕಾರಿ ಮಂಡಳಿಯ ಬಳಿ ಇಡಬೇಕು ಅಂದಿತು. ಇಂಗ್ಲೆಂಡಿನಲ್ಲಿ 2007ರ ಏಪ್ರಿಲ್‌ನಿಂದ ಡೆಪಾಸಿಟ್ಟನ್ನು ಮಾನ್ಯತೆ ಪಡೆದ ರಕ್ಷಣಾ ಯೋಜನೆಯೊಂದಕ್ಕೆ ಒಳಪಡಿಸುವುದು ಕಡ್ಡಾಯವಾಯಿತು. 2019ರ ಕಾನೂನು ಬಹುಪಾಲು ಮನೆಗಳಿಗೆ ಅದನ್ನು ಐದು ವಾರಗಳ ಬಾಡಿಗೆಗೆ ಮಿತಿಗೊಳಿಸಿತು. ಮನೆ ಹಿಡಿದಿಡಲು ಕೊಡುವ ಟೋಕನ್ ಕೂಡ ಅಲ್ಲಿ ಒಂದು ವಾರದ ಬಾಡಿಗೆ ಮೀರುವಂತಿಲ್ಲ. ಎರಡೂ ಕಡೆಯವರು ನಂಬಬಹುದಾದ ಮೂರನೆಯ ಜಾಗದಲ್ಲಿ ದುಡ್ಡು ಇಡುವುದು ಎಷ್ಟು ಸರಳ ಉಪಾಯ! ಅಂಥ ವ್ಯವಸ್ಥೆ ಇಲ್ಲದಲ್ಲಿ ನಮ್ಮ ಕೈಯಲ್ಲಿರುವ ಮೂರನೆಯ ಸಾಕ್ಷಿ ಅಂದರೆ ಫೋಟೊ. ಸಾಮಾನು ಇಳಿಸುವ ಮೊದಲು, ಖಾಲಿ ಮನೆಯಲ್ಲಿ, ಆಕೆ ಮತ್ತು ನಾನು ಒಂದೊಂದೇ ಕೋಣೆ ಸುತ್ತಿದೆವು. ಬಾಗಿಲ ಮೂಲೆಯ ಕಚ್ಚು, ಅಡುಗೆ ಕಟ್ಟೆಯ ಬಿರುಕು, ಸ್ನಾನದ ಮನೆಯಲ್ಲಿ ಒಡೆದ ಒಂದು ಟೈಲ್, ವಿದ್ಯುತ್ ಮೀಟರಿನ ಅಂಕಿ. ನಾನು ಫೋಟೊ ತೆಗೆದೆ, ಆಕೆ ಪಟ್ಟಿ ಬರೆದರು. ಅವತ್ತೇ ಸಂಜೆ ಫೋಟೊಗಳನ್ನೆಲ್ಲ ಅವರಿಗೆ ಕಳಿಸಿದೆ, ತಾರೀಖಿನ ಸಮೇತ ಎರಡು ಕಡೆಯೂ ಇರಲಿ ಅಂತ.

ಈ ಮನೆಗೆ ಬಂದು ಈಗ ವರ್ಷ ದಾಟಿದೆ. ಹೇಳಿದ ಹಾಗೆ ಆರನೆಯ ತಿಂಗಳು ಆಕೆ ಮನೆ ನೋಡಲು ಬಂದರು. ಬಚ್ಚಲಿನ ನೀರು ಹೋಗುವ ಜಾಗ ನೋಡಿದರು, ಅಡುಗೆ ಕಟ್ಟೆಯ ಬಿರುಕು ಬೆಳೆದಿದೆಯಾ ಅಂತ ಹಳೆಯ ಪಟ್ಟಿ ತೆಗೆದು ಹೋಲಿಸಿದರು. ಎಲ್ಲ ಮುಗಿಸಿ ಹೊರಡುವಾಗ ಕಿಟಕಿಯ ಬಳಿ ಕುರ್ಚಿಯಲ್ಲಿದ್ದ ಅಮ್ಮನ ಪಕ್ಕ ಹೋಗಿ ನಿಂತರು.

"ಬಿಸಿಲು ಎಷ್ಟು ಹೊತ್ತಿನ ತನಕ ಇರತ್ತೆ ಇಲ್ಲಿ?"

"ಮರದಲ್ಲಿ ಎಲೆ ಇಲ್ಲದಾಗ ಐದೂವರೆ ತನಕ" ಅಂದಳು ಅಮ್ಮ. "ಈಗ ಎಲೆ ಬಂದಿದೆ ನೋಡಿ. ಐದಕ್ಕೇ ಹೋಗತ್ತೆ."